ಇಂಗ್ಲೆಂಡಿನಿಂದ ಬಂದ ಕ್ಲಬ್ ಮ್ಯಾನೇಜರ್

ಮನುಷ್ಯನನ್ನು ಒಮ್ಮೆ ನೋಡಿದರೆ ಸಾಕು, ಅವನು ಎಷ್ಟು ಇಡ್ಲಿ ತಿನ್ನುತ್ತಾನೆ, ಟಿಪ್ಸ್ ಇಡುತ್ತಾನೋ ಇಲ್ಲವೋ, ಕೆಲಸಕ್ಕೆ ಇಟ್ಟುಕೊಂಡರೆ ನಿಲ್ಲುತ್ತಾನೋ ಓಡುತ್ತಾನೋ ಎಂಬುದೆಲ್ಲ ನನಗೆ ಹೊಳೆದುಬಿಡುತ್ತದೆ. ಇದು ಜಂಬದ ಮಾತಲ್ಲ. ಹೋಟೆಲಿನ ಗಲ್ಲಾದ ಹಿಂದೆ ಅರ್ಧ ಆಯುಷ್ಯ ಕಳೆದವನಿಗೆ ತಾನಾಗಿ ಸಿದ್ಧಿಸುವ ವಿದ್ಯೆ. ಈ ವಿದ್ಯೆಯ ಬಲದಿಂದಲೇ ನಾನು ಬರ್ನಿಯನ್ನು ನಮ್ಮ ಹೋಟೆಲಿನ ಮ್ಯಾನೇಜರಾಗಿ ನೇಮಿಸಿಕೊಂಡೆ.

ನಮ್ಮದು ನ್ಯೂಜೆರ್ಸಿಯ ಮೆಟುಚೆನ್ ರೈಲು ನಿಲ್ದಾಣದ ಪಕ್ಕದ ಬೀದಿಯಲ್ಲಿರುವ ಸಣ್ಣ ಉಡುಪಿ ಹೋಟೆಲು. ಗಲ್ಲಾದಲ್ಲಿ ನಾನು. ನಾನು ಮಾಡಿದ ಲೆಕ್ಕವನ್ನು ಸರಿಪಡಿಸಲು ನನ್ನ ಹೆಂಡತಿ ಶಾಲಿನಿ. ಒಲೆಯ ಮುಂದೆ ಹುಬ್ಬಳ್ಳಿಯ ಈರಣ್ಣ. ಬಡಿಸಲು ಒಂದಿಬ್ಬರು. ಬೆಳಿಗ್ಗೆ ಮ್ಯಾನ್‌ಹಟನ್ ರೈಲು ಹಿಡಿಯುವವರು ಕೋಟಿನ ಮೇಲೆ ಚಟ್ನಿ ಬೀಳದ ಹಾಗೆ ಬಗ್ಗಿ ನಿಂತು ಇಡ್ಲಿ ತಿಂದು ಓಡುತ್ತಿದ್ದರು. ಸಂಜೆ ಅದೇ ಜನ ಮಸಾಲೆ ದೋಸೆ ಪಾರ್ಸೆಲ್ ಒಯ್ಯುತ್ತಿದ್ದರು. ಸುಖವಾಗಿದ್ದೆವು.

ಆಗ ಬಂತು ನೋಡಿ, ಬ್ಯಾಂಕುಗಳು ಒಂದರ ಮೇಲೊಂದು ಮಗುಚಿಕೊಂಡ ಆ ಕಾಲ. ಬ್ಯಾಂಕುಗಳು ಬಿದ್ದದ್ದು ಮ್ಯಾನ್‌ಹಟನ್‌ನಲ್ಲಿ. ಸದ್ದು ಕೇಳಿಸಿದ್ದು ನಮ್ಮ ಸಾಂಬಾರಿನ ಪಾತ್ರೆಯಲ್ಲಿ. ರೈಲಿಗೆ ಓಡುವವರು ಕಡಿಮೆಯಾದರು. ಮಸಾಲೆ ದೋಸೆಯವರು ಸಾದಾ ದೋಸೆಗೆ ಇಳಿದರು, ಸಾದಾ ದೋಸೆಯವರು ವಡೆಗೆ. ಬೆಂಗಳೂರು ಬಿಟ್ಟ ಮೇಲೆ ಮತ್ತೆಂದೂ ಕೇಳದಿದ್ದ ‘ಬೈ ಟು ಕಾಫಿ’ ಎಂಬ ಮಾತನ್ನು ನಾನು ನ್ಯೂಜೆರ್ಸಿಯಲ್ಲಿ ಕೇಳಿದೆ! ಅಂಗಡಿಯ ಬಾಡಿಗೆ ಕರಾರು ಆ ಚಳಿಗಾಲಕ್ಕೆ ಮುಗಿಯುವುದರಲ್ಲಿತ್ತು. ಮುಂದುವರಿಸುವುದೋ, ಬಾಗಿಲು ಹಾಕುವುದೋ ಎಂಬುದು ಪ್ರಶ್ನೆ.

“ಮಧ್ಯಾಹ್ನದ ಬಫೆ ನಿಲ್ಲಿಸುವ. ಈರಣ್ಣನಿಗೆ ಎರಡು ಪಲ್ಯ ಕಡಿಮೆ ಮಾಡ್ಲಿಕ್ಕೆ ಹೇಳುವ,” ಎಂದಳು ಶಾಲಿನಿ.

“ಪಲ್ಯದ ವಿಷಯ ಅಲ್ಲ ಮಾರಾಯ್ತಿ. ನಮ್ಮಲ್ಲಿ ಇಲ್ಲದ್ದು ಮ್ಯಾನೇಜ್‌ಮೆಂಟ್! ಒಬ್ಬ ಸರಿಯಾದ ಮ್ಯಾನೇಜರ್ ಬೇಕು.”

“ಹಾಗಾದ್ರೆ ನೀವು ಯಾರು?”

“ನಾನು ಮಾಲೀಕ.”

ಶಾಲಿನಿ ಮಾಲೀಕ ಎಂಬ ಪದದ ಅರ್ಥವನ್ನು ಯೋಚಿಸುತ್ತಿರುವವಳಂತೆ ಕಂಡಳು. ನಾನು ಕಿಟಕಿಗೆ ‘ಮ್ಯಾನೇಜರ್ ಬೇಕಾಗಿದ್ದಾರೆ’ ಎಂಬ ಫಲಕ ಹಾಕಿದೆ.

ಕೆಲವೇ ದಿನಗಳಲ್ಲಿ ಬಾಗಿಲು ತಳ್ಳಿಕೊಂಡು ಬಂದವನೇ ಬರ್ನಿ. ಎತ್ತರದ ಬಿಳಿಯ, ತಲೆ ನರೆತಿತ್ತು, ಮೂಗು ಎರಡು ಸಲ ಮನಸ್ಸು ಬದಲಾಯಿಸಿದಂತೆ ಡೊಂಕು. ಬಲಗಾಲನ್ನು ಸ್ವಲ್ಪ ಎಳೆಯುತ್ತಿದ್ದ. ಆದರೆ ಟೈ ಕಟ್ಟಿದ್ದ! ಮಾತು ಅಪ್ಪಟ ಇಂಗ್ಲೆಂಡಿನದು. ಮಗಳ ಮನೆ ಇದೇ ಊರಿನಲ್ಲಿದೆಯಂತೆ, ಅವಳ ಜೊತೆಗೇ ಇದ್ದಾನಂತೆ. ನನಗೆ ಒಳಗೊಳಗೇ ಹಿಗ್ಗು. ಇಂಗ್ಲೆಂಡಿನ ಮ್ಯಾನೇಜರ್ ಇರುವ ಉಡುಪಿ ಹೋಟೆಲು ಅಮೆರಿಕದಲ್ಲಿ ಇನ್ನೆಲ್ಲಿದೆ? ಆದರೂ ಮುಖ ಬಿಗಿದುಕೊಂಡು ಸಂದರ್ಶನ ನಡೆಸಿದೆ.

“ಮ್ಯಾನೇಜರ್ ಆಗಿ ಅನುಭವ ಇದೆಯೇ?”

“ಇಪ್ಪತ್ತು ವರ್ಷ. ಬೇರೆ ಬೇರೆ ಕ್ಲಬ್‌ಗಳಲ್ಲಿ.”

ಕ್ಲಬ್! ನನ್ನ ಕಣ್ಣ ಮುಂದೆ ಬೆಂಗಳೂರಿನ ಕ್ಲಬ್ಬುಗಳು ಸುಳಿದವು. ಬೆತ್ತದ ಕುರ್ಚಿ, ಹುಲ್ಲುಹಾಸು, ಬಿಳಿ ಪೇಟದ ಬೇರರ್‌ಗಳು, ಕಟ್ಲೆಟ್.

“ಕ್ಲಬ್‌ಗೆ ಜನ ಹೇಗೆ ಬರುತ್ತಿದ್ದರು?”

“ಒಳ್ಳೆಯ ಶನಿವಾರ ಇಪ್ಪತ್ತು ಸಾವಿರ.”

ನಾನು ಮೇಜು ಹಿಡಿದುಕೊಂಡೆ. ನಮ್ಮಲ್ಲಿ ಶನಿವಾರ ಐವತ್ತು ಜನ ಬಂದರೆ ಈರಣ್ಣ ದೇವರಿಗೆ ಕಾಯಿ ಒಡೆಸುತ್ತಾನೆ.

“ಅಷ್ಟು ಜನಕ್ಕೂ... ತಿನ್ನಲು ಏನು ಕೊಡುತ್ತಿದ್ದಿರಿ?”

ಅವನು ಸ್ವಲ್ಪ ಯೋಚಿಸಿದ. “ಹೆಚ್ಚಾಗಿ ಪೈ. ಮತ್ತೆ ಚಹಾ.”

ಪೈ ಎಂದರೆ ಹಿಟ್ಟಿನೊಳಗೆ ಹೂರಣ. ಅಂದರೆ ಒಂದು ಬಗೆಯ ಕಡುಬು. ಒಂದೇ ದಿನ ಇಪ್ಪತ್ತು ಸಾವಿರ ಕಡುಬು ಬೇಯಿಸಿ ಹಂಚಿದ ಮನುಷ್ಯ ನನ್ನೆದುರು ಕುಳಿತಿದ್ದಾನೆ!

“ಮೊದಲಿನಿಂದಲೂ ಮ್ಯಾನೇಜರೇ?”

“ಅಲ್ಲ. ಹದಿನೈದನೇ ವಯಸ್ಸಿಗೆ ಸೇರಿದೆ. ಬೂಟು ಒರೆಸುವುದು, ಕಸ ಗುಡಿಸುವುದು. ಆಮೇಲೆ ಹಲವು ವರ್ಷ ಲೆಫ್ಟ್ ಬ್ಯಾಕ್.”

ಲೆಫ್ಟ್ ಬ್ಯಾಕ್. ಹಿಂಬದಿಯ ಎಡಗಡೆ. ನಮ್ಮ ಕಡೆಯ ಹೋಟೆಲುಗಳಲ್ಲೂ ಪಾತ್ರೆ ತೊಳೆಯುವ ಜಾಗ ಹಿಂಬದಿಯ ಎಡಗಡೆಯಲ್ಲೇ ಇರುತ್ತದೆ. ನಾನು ಕೂಡ ಮುಂಬಯಿಯಲ್ಲಿ ಅಲ್ಲಿಂದಲೇ ಮೇಲೆ ಬಂದವನು. ನನ್ನ ಕಣ್ಣು ತೇವವಾಯಿತು.

“ಕ್ಲಬ್ ಯಾಕೆ ಬಿಟ್ಟಿರಿ?”

“ಬಿಡಲಿಲ್ಲ. ತೆಗೆದುಹಾಕಿದರು. ಎಲ್ಲ ಕಡೆಯಿಂದಲೂ,” ಎಂದ, ಶಾಲೆಯಲ್ಲಿ ಬಹುಮಾನ ಬಂದದ್ದನ್ನು ಹೇಳುವವನ ಹಾಗೆ. “ನಮ್ಮ ಕಸುಬಿನಲ್ಲಿ ಅದು ಮಾಮೂಲು. ಆಮೇಲೆ ಇಲ್ಲಿಗೆ ಬಂದು ಸಣ್ಣ ಅಕಾಡೆಮಿ ನಡೆಸುತ್ತಿದ್ದೆ. ಮಕ್ಕಳ ಅಪ್ಪ ಅಮ್ಮಂದಿರ ಕೆಲಸ ಹೋಯಿತು, ಮಕ್ಕಳು ಬರುವುದು ನಿಂತಿತು, ಮುಚ್ಚಿದೆ. ನಿಮ್ಮ ಊಟದ ಬಗ್ಗೆ ನನಗೆ ಏನೂ ಗೊತ್ತಿಲ್ಲ. ಆದರೆ ತಂಡ ಎಲ್ಲಿದ್ದರೂ ತಂಡವೇ.”

ಎಂಥ ಪ್ರಾಮಾಣಿಕತೆ! ಜೊತೆಗೆ ಹೋಟೆಲ್ ಮ್ಯಾನೇಜ್‌ಮೆಂಟ್ ಅಕಾಡೆಮಿಯ ಪ್ರಿನ್ಸಿಪಾಲ್ ಬೇರೆ! ನಾನು ಎದ್ದು ಕೈ ಕುಲುಕಿದೆ. ಅವನು ನನ್ನನ್ನು “ಮಿಸ್ಟರ್ ಚೇರ್ಮನ್” ಎಂದು ಕರೆದ. ಇಷ್ಟು ವರ್ಷದಲ್ಲಿ ಒಬ್ಬನಾದರೂ ನನ್ನನ್ನು ಹಾಗೆ ಕರೆದಿದ್ದರೆ ಕೇಳಿ!

ಮರುದಿನ ಬರ್ನಿ ಬಂದದ್ದು ನೀಲಿ ಟ್ರ್ಯಾಕ್ ಸೂಟಿನಲ್ಲಿ, ಕೊರಳಿಗೆ ಸೀಟಿ ಕಟ್ಟಿಕೊಂಡು. ಬಂದವನೇ ಎಲ್ಲರನ್ನೂ ಅಡುಗೆಮನೆಗೆ ಕರೆದ. ನಾನೂ ಹೊರಟೆ.

“ಕ್ಷಮಿಸಿ, ಮಿಸ್ಟರ್ ಚೇರ್ಮನ್. ಚೇರ್ಮನ್ ಒಳಗೆ ಬರುವಂತಿಲ್ಲ. ಅದು ನಿಯಮ.”

ಬಾಗಿಲು ಮುಚ್ಚಿತು. ಒಳಗಿನಿಂದ ಗುಡುಗಿನಂಥ ಭಾಷಣ, ಚಪ್ಪಾಳೆ. ಹೊರಬಂದ ಶಾಲಿನಿಯ ಮುಖ ಕೆಂಪಾಗಿತ್ತು.

“ನನ್ನನ್ನು ಕ್ಯಾಪ್ಟನ್ ಮಾಡಿದ್ರು,” ಎಂದಳು.

“ಎಂಥ ಕ್ಯಾಪ್ಟನ್?”

“ಎಂತದಾದ್ರೂ ಆಗ್ಲಿ. ಇಷ್ಟು ವರ್ಷದಲ್ಲಿ ನೀವು ನನ್ನನ್ನು ಎಂತದೂ ಮಾಡ್ಲಿಲ್ಲ.”

‘ಇಂದಿನ ವಿಶೇಷ’ ಬರೆಯುವ ಹಲಗೆಯ ಮೇಲೆ ಅವನು ಸೊನ್ನೆಗಳನ್ನೂ ಬಾಣಗಳನ್ನೂ ಎಳೆದ. ಯಾರು ಯಾವ ಮೇಜಿನಿಂದ ಯಾವ ಕಡೆ ಸರಿಯಬೇಕೆಂಬ ನಕಾಶೆಯಂತೆ. ಗಿರಾಕಿಯೊಬ್ಬರು ಅದನ್ನು ಬೆರಳಿಟ್ಟು ತೋರಿಸಿ ಇದೇನೆಂದು ಕೇಳಿದರು. ನಾನು ಗಂಭೀರವಾಗಿ “ಈರುಳ್ಳಿ ಉತ್ತಪ್ಪ” ಎಂದೆ. ಎರಡು ಆರ್ಡರ್ ಮಾಡಿದರು.

ಕೆಲಸ ಚೆನ್ನಾಗಿ ಮಾಡಿದವರ ಬೆನ್ನು ತಟ್ಟಿ ಬರ್ನಿ “ವೆಲ್ ಡನ್, ಲ್ಯಾಡ್!” ಎನ್ನುತ್ತಿದ್ದ. ಅದು ಅವನ ಊರಿನಲ್ಲಿ ‘ಮಗಾ’ ಎಂಬ ಹಾಗೆ ಎಂದು ನನಗೆ ಆಮೇಲೆ ತಿಳಿಯಿತು. ಈರಣ್ಣನಿಗೆ ಅದು ಕೇಳಿಸಿದ್ದು ಬೇರೆ ತರಹ. ಅವನು ನನ್ನ ಹತ್ತಿರ ಬಂದು ಪೇಚಾಡಿಕೊಂಡ.

“ಸಾವ್ಕಾರ್ರ, ಈ ಮನಷ್ಯಾ ಮುಂಜಾನಿಂದ ಲಾಡು ಲಾಡು ಅಂತ ಬೆನ್ನ ಬಡೀಲಿಕ್ಕ ಹತ್ಯಾನ್ರೀ. ನಮ್ಮ ಮೆನೂದಾಗ ಲಾಡು ಎಲ್ಲೈತ್ರಿ?”

“ಸಾಹೇಬರಿಗೆ ಬೇಕು ಅಂತ ಕಾಣುತ್ತದೆ. ಮಾಡಿಬಿಡು,” ಎಂದು ಆಜ್ಞೆ ಮಾಡಿದೆ.

ಮರುದಿನ ಈರಣ್ಣ ಒಂದು ಪರಾತದ ತುಂಬ ಬೂಂದಿ ಲಾಡು ಕಟ್ಟಿ ಬರ್ನಿಯ ಮುಂದಿಟ್ಟ. ಬರ್ನಿ ಒಂದು ತಿಂದ, ಕಣ್ಣು ಮುಚ್ಚಿಕೊಂಡ, ಇನ್ನೊಂದು ತಿಂದ. “ವೆಲ್ ಡನ್, ಲ್ಯಾಡ್!” ಎಂದ. ಈರಣ್ಣ ಕೃತಾರ್ಥನಾದ.

ಆದರೆ ಮುಂದಿನ ವಾರವೇ ಬರ್ನಿ ಈರಣ್ಣನನ್ನು ಒಂದು ಮಧ್ಯಾಹ್ನ ಬೆಂಚಿನ ಮೇಲೆ ಕೂರಿಸಿಬಿಟ್ಟ. ಆಯಾಸವಾಗಿದೆ, ವಿಶ್ರಾಂತಿ ಬೇಕು ಎಂಬುದು ಅವನ ವಾದ. ಈರಣ್ಣ ಸಿಡಿದೆದ್ದ.

“ಏನ್ರೀ ಇದು ಅನ್ಯಾಯ! ದ್ವಾಸಿ ಹುಯ್ಯೂದ್ರಾಗ ನನ್ನ ಬಿಟ್ಟರ ಯಾರದಾರ್ರಿ? ನನಗ ಕುಂದ್ರು ಅಂತಾನಲ್ರೀ! ನನಗೇನ್ ಜಡ್ಡ ಬಂದೈತೇನ್ರೀ?”

“ಅದು ಇಂಗ್ಲಿಷ್ ಪದ್ಧತಿ ಈರಣ್ಣ. ದೊಡ್ಡ ದೊಡ್ಡ ಕ್ಲಬ್‌ಗಳಲ್ಲಿ ಹಾಗೆಯೇ,” ಎಂದು ನಾನು ಸಮಾಧಾನ ಹೇಳಿದೆ. ಬೆಂಚಿನ ಮೇಲೆ ಕುಳಿತ ಈರಣ್ಣ ಸುಮ್ಮನಿರಲಾರದೆ ಗಿರಾಕಿಗಳ ಜೊತೆ ಮಾತಿಗಿಳಿದ. ಕೆಲಸ ಕಳೆದುಕೊಂಡು ಮುಖ ಬಾಡಿಸಿಕೊಂಡಿದ್ದ ಇಬ್ಬರನ್ನು ನಗಿಸಿದ. ಅವರು ಮರುದಿನ ನಾಲ್ಕು ಜನರನ್ನು ಕರೆತಂದರು. ನಾನು ಇದೆಲ್ಲ ನನ್ನ ಆಯ್ಕೆಯ ಫಲವೆಂದು ಮನಸ್ಸಿನಲ್ಲೇ ನನ್ನ ಬೆನ್ನು ತಟ್ಟಿಕೊಂಡೆ.

ನಡುವೆ ಒಮ್ಮೆ, ಐದನೇ ಕ್ಲಾಸಿನಲ್ಲಿದ್ದ ನಮ್ಮ ಮಗಳು ಮೇಘಾ ಕಂಪ್ಯೂಟರ್ ಮುಂದೆ ಕುಳಿತವಳು ಕೂಗಿದಳು: “ಅಪ್ಪಾ, ಡಿಡ್ ಯೂ ನೋ ಬರ್ನಿ ಅಂಕಲ್ ಈಸ್ ಕೈಂಡ್ ಆಫ್ ಫೇಮಸ್?”

“ಗೊತ್ತು, ಗೊತ್ತು. ಹೋಮ್‌ವರ್ಕ್ ಮುಗಿಸು,” ಎಂದೆ. ನನಗಿಂತ ಚೆನ್ನಾಗಿ ಇವಳಿಗೆ ಗೊತ್ತೇ?

ಹೀಗಿರುವಾಗ ನಮ್ಮ ಭಾಗ್ಯದ ಬಾಗಿಲು ತೆರೆಯಿತು. ಮೆಟುಚೆನ್ನಿನಲ್ಲಿ ಹೃದಯದ ವೈದ್ಯರಾಗಿದ್ದ ಡಾಕ್ಟರ್ ನಾಗರಾಜ್ ತಮ್ಮ ಮಗಳ ನಿಶ್ಚಿತಾರ್ಥದ ಊಟವನ್ನು ಯಾರಿಗೆ ಒಪ್ಪಿಸುವುದೆಂದು ವಿಚಾರಿಸುತ್ತಿದ್ದರು. ಈ ಒಂದು ಊಟ ಗೆದ್ದರೆ ಮದುವೆಯ ಊಟವೂ ನಮ್ಮದೇ. ಅದನ್ನು ನೋಡಿ ಉಳಿದ ಡಾಕ್ಟರುಗಳ ಮನೆಯ ಗೃಹಪ್ರವೇಶ, ಸೀಮಂತಗಳೂ ನಮ್ಮವೇ. ಬಾಡಿಗೆ ಕರಾರನ್ನು ಧೈರ್ಯವಾಗಿ ಮುಂದುವರಿಸಬಹುದು. ಸೋತರೆ ಬಾಗಿಲು ಹಾಕಿ ಯಾರದಾದರೂ ಹೋಟೆಲಿನಲ್ಲಿ ಗಲ್ಲಾಕ್ಕೆ ಕೂರುವುದೇ ಗತಿ. ನಾನು ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಅವರ ಮನೆಗೆ ಹೋದೆ.

“ಪಕ್ಕದ ಎಡಿಸನ್‌ನಲ್ಲಿ ದೊಡ್ಡ ಕೇಟರರ್ಸ್ ಇದ್ದಾರಲ್ವಾ? ನಿಮ್ಮದು ಸಣ್ಣ ಹೋಟೆಲ್. ಮ್ಯಾನೇಜ್ ಮಾಡ್ತೀರಾ?” ಎಂದರು ಡಾಕ್ಟರು.

“ಸಾರ್! ನಮ್ಮ ಮ್ಯಾನೇಜರ್ ಇಂಗ್ಲೆಂಡಿನವರು. ಅಲ್ಲಿನ ಕ್ಲಬ್‌ಗಳಲ್ಲಿ ಪ್ರತಿ ಶನಿವಾರ ಇಪ್ಪತ್ತು ಸಾವಿರ ಜನಕ್ಕೆ ಉಣಬಡಿಸಿದವರು!”

“ಇಪ್ಪತ್ತು ಸಾವಿರ? ಏನ್ ಬಡಿಸಿದ್ರು?”

“ಕಡುಬು ಸಾರ್.”

ಡಾಕ್ಟರು ತಮ್ಮ ಎದೆಯನ್ನೇ ಒಮ್ಮೆ ಮುಟ್ಟಿ ನೋಡಿಕೊಂಡರು. ಆರ್ಡರು ನಮಗೆ ಸಿಕ್ಕಿತು.

ಬಾಳೆಎಲೆಯ ಮೇಲೆ ಪಂಕ್ತಿ ಊಟವಾಗಬೇಕೆಂದು ಅವರ ಆಸೆ. ಬರ್ನಿಗೆ ಪಂಕ್ತಿ ಎಂದರೆ ಏನೆಂದು ವಿವರಿಸಿದಾಗ ಅವನ ಕಣ್ಣುಗಳು ಹೊಳೆದವು. ಹೋಟೆಲಿನ ಹಿಂದಿನ ಪಾರ್ಕಿಂಗ್ ಜಾಗದಲ್ಲಿ ಕೊರೆಯುವ ಚಳಿಯಲ್ಲಿ ಅಭ್ಯಾಸ ಶುರುವಾಯಿತು. ಬಕೆಟ್ಟುಗಳಲ್ಲಿ ನೀರು, ನೆಲದ ಮೇಲೆ ಸಾಲಾಗಿ ಪೇಪರ್ ಪ್ಲೇಟು. ಅನ್ನದವರು ಹಿಂದೆ, ಸಾಂಬಾರಿನವರು ನಡುವೆ, ಸಿಹಿಯವರು ಮುಂದೆ. ಬರ್ನಿ ಸೀಟಿ ಊದುತ್ತಿದ್ದ; ಶಾಲಿನಿ ಕೈ ಎತ್ತಿ ಸನ್ನೆ ಮಾಡುತ್ತಿದ್ದಳು; ಈರಣ್ಣ ಬಕೆಟ್ಟು ಹಿಡಿದು ಪ್ಲೇಟುಗಳ ನಡುವೆ ಒಂದು ಹನಿ ಚೆಲ್ಲದೆ ಜಾರಿಹೋಗುತ್ತಿದ್ದ. ರೈಲು ನಿಲ್ದಾಣದಿಂದ ಬರುವವರು ಬೇಲಿಯ ಹೊರಗೆ ನಿಂತು ನೋಡಿ ಚಪ್ಪಾಳೆ ತಟ್ಟಿದರು.

“ನನ್ನ ಜಾಗ ಯಾವುದು?” ಎಂದು ಕೇಳಿದೆ.

ಬರ್ನಿ ನನ್ನ ಭುಜದ ಮೇಲೆ ಕೈಯಿಟ್ಟ. “ಚೇರ್ಮನ್ ಕುರ್ಚಿಯಲ್ಲಿ ಕುಳಿತು ನಗುತ್ತಿರಬೇಕು. ಬೇರೇನೂ ಮಾಡಬಾರದು.”

ಇಷ್ಟು ಸುಲಭದ ಕೆಲಸವನ್ನು ನನಗೆ ಯಾರೂ ಕೊಟ್ಟಿರಲಿಲ್ಲ. ಅದೂ ನನ್ನಿಂದ ಆಗಲಿಲ್ಲ ಎಂಬುದೇ ಈ ಕಥೆ.

ನಿಶ್ಚಿತಾರ್ಥ ಹ್ಯಾರಿಸನ್ ಎಂಬ ಊರಿನ ಹೊಸ ಅಪಾರ್ಟ್‌ಮೆಂಟ್ ಕಟ್ಟಡದ ಹಾಲಿನಲ್ಲಿ. ಗಂಡಿನ ಕಡೆಯವರು ಜರಿ ಸೀರೆಗಳಲ್ಲಿ ಮಿರಮಿರ ಮಿಂಚುತ್ತ ಬಂದರು. ತಟ್ಟೆ ಬದಲಾಯಿತು, ಉಂಗುರ ಬದಲಾಯಿತು, ಎಲೆ ಹಾಕಿದರು. ಬರ್ನಿ ಮೂಲೆಯಲ್ಲಿ ಕೈಕಟ್ಟಿ ನಿಂತ. ತಲೆಯನ್ನು ಒಮ್ಮೆ ಆಡಿಸಿದ. ಅಷ್ಟೇ! ಉಪ್ಪು, ಕೋಸಂಬರಿ, ಪಲ್ಯ ಅಲೆಯ ಹಾಗೆ ಸಾಗಿಹೋದವು. ಒಂದು ಎಲೆ ತಪ್ಪಲಿಲ್ಲ, ಯಾರೂ ಯಾರಿಗೂ ಡಿಕ್ಕಿ ಹೊಡೆಯಲಿಲ್ಲ. ಡಾಕ್ಟರ್ ನಾಗರಾಜ್ ನನ್ನನ್ನು ನೋಡಿ ಹೆಬ್ಬೆರಳು ಎತ್ತಿದರು.

ನಾನು ಕುರ್ಚಿಯಲ್ಲಿ ಕುಳಿತು ನಗುತ್ತಿದ್ದೆ. ಎಷ್ಟು ಹೊತ್ತು ನಗಲು ಸಾಧ್ಯ? ಎಲ್ಲರೂ ಈರಣ್ಣನನ್ನು ಹೊಗಳುತ್ತಿದ್ದಾರೆ, ಶಾಲಿನಿಯನ್ನು ಹೊಗಳುತ್ತಿದ್ದಾರೆ. ಗಂಡಿನ ಕಡೆಯ ಹೆಂಗಸೊಬ್ಬರು ನನ್ನನ್ನು ನೋಡಿ “ಪಾಪ, ಆ ಅಂಕಲ್‌ಗೆ ಊಟ ಆಯ್ತಾ?” ಎಂದರು. ಚೇರ್ಮನ್ನನಿಗೆ ಈ ಮಾತು! ಮಾಲೀಕ ಯಾರೆಂದು ಗಂಡಿನ ಕಡೆಯವರಿಗೆ ತಿಳಿಯಬೇಡವೇ? ನಾನು ಎದ್ದೆ. ಅಡುಗೆಮನೆಗೆ ಹೋಗಿ ತುಂಬಿದ ರಸಂ ಬಕೆಟ್ಟನ್ನು ಹಿಡಿದೆ. ಹಾಲಿನ ಎಡಬಾಗಿಲಿನಿಂದ ಮೆರವಣಿಗೆಯ ಹಾಗೆ ಒಳನುಗ್ಗಿದೆ.

ಅದೇ ಹೊತ್ತಿಗೆ ಬಲಬಾಗಿಲಿನಿಂದ ಈರಣ್ಣ ಪಾಯಸ ತರುತ್ತಿದ್ದ. ಬರ್ನಿಯ ನಕಾಶೆಯಲ್ಲಿ ಆ ದಾರಿಯಲ್ಲಿ ಯಾರೂ ಇರಬಾರದಿತ್ತು. ನಾನಿದ್ದೆ!

“ಸಾವ್ಕಾರ್ರ, ಸರೀರಿ!” ಎಂಬ ಕೂಗು ಕೇಳಿಸಿತು. ನಾನು ಸರಿದೆ. ಅವನೂ ಅದೇ ಕಡೆಗೆ ಸರಿದ. ರಸಂ ಮತ್ತು ಪಾಯಸ ಹಾಲಿನ ನಟ್ಟನಡುವೆ ಸಂಧಿಸಿದವು. ನನ್ನ ಕೈಯಿಂದ ಹಾರಿದ ಬಕೆಟ್ಟು, ಆಶೀರ್ವಾದ ಮಾಡಲು ಎದ್ದು ನಿಂತಿದ್ದ ಡಾಕ್ಟರ್ ನಾಗರಾಜರ ಬಿಳಿಯ ರೇಷ್ಮೆ ಶರ್ಟಿನ ಮೇಲೆ ತನ್ನ ಸರ್ವಸ್ವವನ್ನೂ ಅರ್ಪಿಸಿತು. ಅವರ ಕಿವಿಯ ಮೇಲೆ ಒಂದು ಕರಿಬೇವಿನ ಎಲೆ ಹೂವಿನ ಹಾಗೆ ಕುಳಿತಿತ್ತು.

ಆಗ ಬರ್ನಿ, ಹಳೆಯ ಅಭ್ಯಾಸಬಲದಿಂದ, ಎದೆ ತುಂಬ ಉಸಿರೆಳೆದು ಸೀಟಿ ಊದಿದ!

ಪುರೋಹಿತರು ಅರ್ಧ ಮಂತ್ರದಲ್ಲಿ ನಿಂತರು. ಬರ್ನಿ ನನ್ನ ಕಡೆ ಬೆರಳು ತೋರಿಸಿ, ಆ ಬೆರಳನ್ನು ನಿಧಾನವಾಗಿ ಅಡುಗೆಮನೆಯ ಕಡೆ ತಿರುಗಿಸಿ, ಗೋಡೆ ನಡುಗುವ ಹಾಗೆ ಕೂಗಿದ: “ಆಫ್!”

ನಾನು ಹೊರಟೆ. ಇನ್ನೇನು ಮಾಡಲಿ? ಅಷ್ಟರಲ್ಲಿ ಪಂಕ್ತಿಯ ಕೊನೆಯಲ್ಲಿ ಕುಳಿತಿದ್ದ ಗಂಡಿನ ಸೋದರಮಾವ ಸಾಂಬಾರನ್ನದ ಕೈಯಲ್ಲೇ ಎದ್ದು ನಿಂತರು. ಅವರು ಡಾಕ್ಟರ್ ಪ್ರಭಾಕರ್, ನಿಶ್ಚಿತಾರ್ಥಕ್ಕೆಂದೇ ಇಂಗ್ಲೆಂಡಿನಿಂದ ಬಂದವರು.

“ಬರ್ನೀ!” ಎಂದು ಚೀರಿದರು. “ಈ ಗಂಟಲನ್ನ ನಾನು ಮರೀತೀನಾ? ಅಯ್ಯೋ, ನಮ್ಮ ಬರ್ನಿ ಕಣ್ರೀ!”

ಓಡಿಬಂದು ಬರ್ನಿಯನ್ನು ತಬ್ಬಿಕೊಂಡರು. ಟ್ರ್ಯಾಕ್ ಸೂಟಿನ ಬೆನ್ನಿಗೆ ಸಾಂಬಾರನ್ನ ಮೆತ್ತಿಕೊಂಡಿತು. ಆಮೇಲೆ ಎಲ್ಲರ ಕಡೆ ತಿರುಗಿ, ತುಂಬಿದ ಕಣ್ಣಲ್ಲಿ ಹೇಳತೊಡಗಿದರು.

“ಇವ್ರು ಯಾರು ಗೊತ್ತಾ ನಿಮಗೆಲ್ಲ? ಇಂಗ್ಲೆಂಡ್‌ನಲ್ಲಿ ನಮ್ಮೂರಿನ ಫುಟ್‌ಬಾಲ್ ಕ್ಲಬ್‌ನ ಲೆಫ್ಟ್ ಬ್ಯಾಕ್ ಆಟಗಾರ! ನಾನು ಹೊಸದಾಗಿ ಆಸ್ಪತ್ರೆ ಸೇರಿದ್ದೆ, ಚಳಿ, ಮಂಜು, ಮಾತಾಡ್ಸೋಕೆ ಒಬ್ರಿಲ್ಲ. ಶನಿವಾರ ಮ್ಯಾಚ್‌ಗೆ ಹೋಗಿ ನಿಂತ್ಕೊಂಡ್ರೆ ಪಕ್ಕದವರು ತಮ್ಮ ಪೈ ಮುರಿದು ಕೊಡೋರು. ಇವ್ರ ಮಂಡಿ ಹೋದ ದಿನ ನಾನು ಅಲ್ಲೇ ಇದ್ದೆ. ಆಮೇಲೆ ಇವ್ರೇ ಮ್ಯಾನೇಜರ್ ಆದ್ರು. ಆ ವರ್ಷ ಮೇಲಿನ ಡಿವಿಷನ್‌ಗೆ ಹೋದ್ವಿ! ಇಡೀ ಊರು ಬೀದಿಯಲ್ಲಿ ಕುಣೀತು!”

“ಆಮೇಲೆ?” ಎಂದು ಯಾರೋ ಕೇಳಿದರು.

ಡಾಕ್ಟರ್ ಪ್ರಭಾಕರರ ಮುಖ ಸಣ್ಣದಾಯಿತು. “ಆಮೇಲೆ ಸೋತ್ವಿ. ಹೋಗಪ್ಪಾ ಅಂತ ಹಾಡು ಕಟ್ಟಿ ಹಾಡಿ ನಾವೇ ಓಡಿಸಿದ್ವಿ.” ಬರ್ನಿಯ ಕಡೆ ತಿರುಗಿ ಇಂಗ್ಲಿಷಿನಲ್ಲಿ ಮೆಲ್ಲಗೆ, “ನಾನೂ ಹಾಡಿದ್ದೆ,” ಎಂದರು.

“ರಾಗವಾಗಿ ಹಾಡಿದಿರಾ?” ಎಂದ ಬರ್ನಿ.

“ಇಲ್ಲ, ನನಗೆ ರಾಗ ಬರುವುದಿಲ್ಲ.”

“ಹಾಗಾದರೆ ನನಗೆ ಕೇಳಿಸಿದ್ದು ನಿಮ್ಮದಲ್ಲ.”

ಎಲ್ಲರೂ ಚಪ್ಪಾಳೆ ತಟ್ಟಿದರು. ಮಾತು ತಿಳಿಯದಿದ್ದರೂ ಈರಣ್ಣ ಕಣ್ಣೊರೆಸಿಕೊಂಡ. ಮದುಮಕ್ಕಳನ್ನು ಬಿಟ್ಟು ಜನ ಬರ್ನಿಯ ಜೊತೆ ಫೋಟೋ ತೆಗೆಸಿಕೊಳ್ಳಲು ನುಗ್ಗಿದರು. ಈ ಗದ್ದಲದ ನಡುವೆ ರಸಂ ತೊಟ್ಟಿಕ್ಕುತ್ತಿದ್ದ ಡಾಕ್ಟರ್ ನಾಗರಾಜ್ ಅಡುಗೆಮನೆಯ ಬಾಗಿಲಿಗೆ ಬಂದು ನನ್ನೆದುರು ನಿಂತರು.

“ಫುಟ್‌ಬಾಲಾ?” ಎಂದರು.

“ಹಾಗಂತ ಕಾಣುತ್ತದೆ ಸಾರ್.”

“ಹಾಗಾದ್ರೆ ಆ ಕಡುಬು?”

ಡಾಕ್ಟರು ಕಿವಿಯ ಮೇಲಿನ ಕರಿಬೇವನ್ನು ತೆಗೆದು ನನ್ನ ಕೈಗಿಟ್ಟರು.

“ಗಂಡಿನ ಕಡೆಯವರು ಇಷ್ಟು ಖುಷಿಯಾಗಿದ್ದು ನಾನು ನೋಡೇ ಇಲ್ಲ. ಊಟಾನೂ ಫಸ್ಟ್ ಕ್ಲಾಸ್. ಮದುವೆಗೂ ನೀವೇ ಮಾಡಿ. ಆದ್ರೆ ಒಂದು ಕಂಡೀಷನ್.”

ನಾನು ಕೈ ಮುಗಿದೆ. “ಏನು ಬೇಕಾದರೂ ಹೇಳಿ ಸಾರ್!”

“ನೀವು ಬರಬಾರದು.”

ವ್ಯಾನಿಗೆ ಪಾತ್ರೆ ತುಂಬುವಾಗ ನಾನು ಶಾಲಿನಿಯನ್ನು ಕೇಳಿದೆ, “ನಿನಗೆ ಗೊತ್ತಿತ್ತಾ?”

“ಮೊದಲ ದಿನವೇ ಅಡುಗೆಮನೆಯಲ್ಲಿ ಬರ್ನಿ ಹೇಳಿದ್ರಲ್ಲ. ನಿಮಗೂ ಗೊತ್ತುಂಟು ಅಂದ್ಕೊಂಡೆ. ನೀವೇ ಅಲ್ವಾ ಇಂಟರ್‌ವ್ಯೂ ಮಾಡಿದ್ದು?”

ಮೇಘಾ ಕಿಟಕಿಯಿಂದ ತಲೆ ಹಾಕಿದಳು. “ಐ ಟ್ರೈಡ್ ಟು ಟೆಲ್ ಯೂ ಅಪ್ಪಾ. ಯೂ ಸೆಡ್ ಫಿನಿಶ್ ಯುವರ್ ಹೋಮ್‌ವರ್ಕ್.”

“ಈರಣ್ಣಾ, ನಿನಗೂ?”

“ಸೀಟಿ ಕಟ್ಕೊಂಡ್ ಯಾವ ಹೋಟೆಲ್ ಮ್ಯಾನೇಜರ್ ಬರ್ತಾನ್ರೀ ಸಾವ್ಕಾರ್ರ?”

ಉಳಿದದ್ದು ಬರ್ನಿ. ವ್ಯಾನಿನಲ್ಲಿ ನನ್ನ ಪಕ್ಕದಲ್ಲೇ ಕುಳಿತಿದ್ದ, ತೊಡೆಯ ಮೇಲೆ ಖಾಲಿ ಪಾಯಸದ ಪಾತ್ರೆ. “ಫುಟ್‌ಬಾಲ್ ಎಂದು ಯಾಕೆ ಹೇಳಲಿಲ್ಲ?” ಎಂದು ಸ್ವಲ್ಪ ಗಡುಸಾಗಿಯೇ ಕೇಳಿದೆ.

“ಮ್ಯಾನೇಜರ್ ಆಗಿದ್ದೆಯಾ ಎಂದಿರಿ, ಹೌದೆಂದೆ. ಎಷ್ಟು ಜನ ಬರುತ್ತಿದ್ದರು ಎಂದಿರಿ, ಹೇಳಿದೆ. ಏನು ತಿನ್ನುತ್ತಿದ್ದರು ಎಂದಿರಿ. ವಿಚಿತ್ರ ಪ್ರಶ್ನೆ ಅನ್ನಿಸಿತು, ಆದರೂ ಹೇಳಿದೆ. ಯಾತಕ್ಕೆ ಬರುತ್ತಿದ್ದರು ಎಂದು ನೀವು ಕೇಳಲೇ ಇಲ್ಲ.”

ದಾರಿಯುದ್ದಕ್ಕೂ ಅವನು ತನ್ನ ಕಥೆ ಹೇಳಿದ. ಅಪ್ಪ ಗಣಿಯಲ್ಲಿ ಕೆಲಸ ಮಾಡುತ್ತಿದ್ದನಂತೆ. ಮಗ ಹಗಲಿನ ಬೆಳಕಿನಲ್ಲಿ ಓಡುವುದನ್ನು ನೋಡಲೆಂದೇ ಶನಿವಾರ ತಪ್ಪದೆ ಬರುತ್ತಿದ್ದನಂತೆ. ಮಂಡಿ ಮುರಿದ ಮೇಲೆ ಬೇರೆ ವಿದ್ಯೆ ಗೊತ್ತಿಲ್ಲದೆ ಮ್ಯಾನೇಜರ್ ಆದ. ಒಂದು ವರ್ಷ ಜನ ಹೆಗಲ ಮೇಲೆ ಹೊತ್ತರು. ಎರಡು ಚಳಿಗಾಲ ಕಳೆಯುವಷ್ಟರಲ್ಲಿ ಅದೇ ಜನ, ಅದೇ ಧಾಟಿ, ಹಾಡಿನ ಮಾತು ಮಾತ್ರ ಬೇರೆ. ಆಮೇಲೆ ಇನ್ನೊಂದು ಕ್ಲಬ್, ಮತ್ತೊಂದು ಕ್ಲಬ್, ಪ್ರತಿ ಸಲವೂ ಸ್ವಲ್ಪ ಚಿಕ್ಕದು.

“ಮೊದಲ ಸಲ ತೆಗೆದುಹಾಕಿದಾಗ ಕಾರಿನಲ್ಲಿ ಕುಳಿತು ಅತ್ತೆ,” ಎಂದ. “ಎರಡನೇ ಸಲ ಹೋಗಿ ಮೀನು, ಆಲೂ ಕರಿದದ್ದು ತಿಂದೆ. ಆಮೇಲಾಮೇಲೆ ಚೇರ್ಮನ್ ಕರೆದ ಎಂದರೆ ಮೊದಲೇ ತಿಂದುಕೊಂಡು ಹೋಗುತ್ತಿದ್ದೆ.” ನಕ್ಕ. “ಈಗ ನೀವೂ ತೆಗೆಯಬಹುದು. ಮಾಮೂಲಾಗಿ ಸೋಮವಾರ ಬೆಳಿಗ್ಗೆ ತೆಗೆಯುತ್ತಾರೆ.”

ನಾನು ಘನವಾಗಿ ಗಂಟಲು ಸರಿಪಡಿಸಿಕೊಂಡೆ. ನಾನೇನೋ ಕ್ಷಮಿಸುವ ಮಾತನ್ನೇ ಆಡಬೇಕೆಂದಿದ್ದೆ. ಅಷ್ಟರಲ್ಲಿ ವ್ಯಾನು ಓಡಿಸುತ್ತಿದ್ದ ಶಾಲಿನಿ ಹಿಂದೆ ತಿರುಗದೆ ಹೇಳಿದಳು: “ಅವರನ್ನು ತೆಗೆದ್ರೆ ನಾನೂ ಬಿಟ್ಟೆ.”

“ನಾನೂ ಹೊಂಟೆ,” ಎಂದ ಈರಣ್ಣ, ಪಾತ್ರೆಗಳ ನಡುವಿನಿಂದ.

ಬರ್ನಿ ಉಳಿದ.

ಮದುವೆಯ ಊಟ ನಡೆದ ದಿನ ನಾನು ಮನೆಯಲ್ಲಿದ್ದೆ. ತಡೆಯಲಾರದೆ ಶಾಲಿನಿಗೆ ಫೋನ್ ಮಾಡಿ “ಹೇಗೆ ನಡೀತಾ ಉಂಟು?” ಎಂದೆ. “ಎಷ್ಟು ಚಂದ ಅಂತೀರಿ! ಫೋನ್ ಇಡಿ,” ಎಂದಳು. ಆ ಊಟ ನೋಡಿದವರು ಇನ್ನಷ್ಟು ಊಟಗಳಿಗೆ ಕರೆದರು. ಬಾಡಿಗೆ ಕರಾರು ಮುಂದುವರಿಯಿತು. ಪ್ರತಿ ಆರ್ಡರಿನ ಜೊತೆಗೂ ಡಾಕ್ಟರ್ ನಾಗರಾಜರ ಆ ಕಂಡೀಷನ್ನು ಊರಿನಿಂದ ಊರಿಗೆ ತಪ್ಪದೆ ತಲುಪುತ್ತಿತ್ತು.

ಸ್ನೋ ಕರಗುವ ಹೊತ್ತಿಗೆ ಡಾಕ್ಟರ್ ಪ್ರಭಾಕರರ ಪರಿಚಯದ ಒಂದು ಸಣ್ಣ ಕಾಲೇಜಿನವರು ತಮ್ಮ ತಂಡಕ್ಕೆ ಬರ್ನಿಯನ್ನು ಕರೆದರು. ಹೊರಡುವ ದಿನ ಅವನು ಮತ್ತೆ ಟೈ ಕಟ್ಟಿಕೊಂಡು ಬಂದ. ಈರಣ್ಣ ಡಬ್ಬಿ ತುಂಬ ಲಾಡು ಕಟ್ಟಿಕೊಟ್ಟ. ಬರ್ನಿ ಎಲ್ಲರ ಕೈ ಕುಲುಕಿ ಹೇಳಿದ: “ನಾನಾಗಿ ಬಿಟ್ಟುಹೋಗುತ್ತಿರುವ ಮೊದಲ ಕ್ಲಬ್ ಇದು. ಉಳಿದವೆಲ್ಲ ನನ್ನನ್ನು ಬಿಟ್ಟವು.” ಶಾಲಿನಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅವನು ಬೀದಿಯ ತುದಿ ದಾಟುವವರೆಗೆ ಎಲ್ಲರೂ ಬಾಗಿಲಲ್ಲೇ ನಿಂತಿದ್ದೆವು.

ಈಗ ಮ್ಯಾನೇಜರ್ ಜಾಗ ಖಾಲಿಯಾಯಿತಲ್ಲ? ಹೊರಗಿನವರನ್ನು ಹುಡುಕುವ ಕಷ್ಟ ಯಾಕೆಂದು ನಾನೇ ಉದಾರವಾಗಿ ಮುಂದೆ ಬಂದೆ. “ಇನ್ನು ಮುಂದೆ ನಾನೇ ಮ್ಯಾನೇಜರ್,” ಎಂದು ಘೋಷಿಸಿದೆ.

“ಕೂತ್ಕೊಳ್ಳಿ,” ಎಂದಳು ಶಾಲಿನಿ. ಪಕ್ಕದಲ್ಲಿ ಈರಣ್ಣನೂ ಕುಳಿತ. “ನಿಮಗೆ ಎಂತ ಅನುಭವ ಉಂಟು?”

ಗಲ್ಲಾದ ಹಿಂದೆ ಕಳೆದ ಅರ್ಧ ಆಯುಷ್ಯದ ಬಗ್ಗೆ ಸುದೀರ್ಘವಾಗಿ ಹೇಳಿದೆ. ಇಬ್ಬರೂ ಕೇಳಿದರು. ಪರಸ್ಪರ ಮುಖ ನೋಡಿಕೊಂಡರು. ಎದ್ದು ಅಡುಗೆಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡು ಸ್ವಲ್ಪ ಹೊತ್ತು ಗುಸುಗುಸು ಮಾತಾಡಿ ಹೊರಬಂದರು.

“ವಿಚಾರ ಮಾಡಿ ತಿಳಿಸ್ತೇವೆ,” ಎಂದಳು ಶಾಲಿನಿ.

ಬ್ಯಾಂಕುಗಳು ಎದ್ದು ನಿಂತವು. ರೈಲುಗಳು ಮತ್ತೆ ತುಂಬಿದವು. ಮೇಘಾ ಕಾಲೇಜಿಗೂ ಹೋದಳು. ಇನ್ನೂ ತಿಳಿಸಿಲ್ಲ.